ಮುಂದೆ ಸೈಕಲ್ ಇದ್ದಾಗ, ಕುದುರೆ ಇದ್ದಾಗ: ಎಷ್ಟು ಜಾಗ ಬಿಟ್ಟು, ಯಾವಾಗ ದಾಟಬೇಕು?

ಪ್ರಶ್ನೆ: ಹೋದ ವರ್ಷ ಕಾರು ಕಲಿತೆ. ದಿನಾ ಬೆಳಿಗ್ಗೆ ಆಲ್ದೂರು ಕಡೆಯಿಂದ ಚಿಕ್ಕಮಗಳೂರಿಗೆ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರುತ್ತೇನೆ. ದಾರಿಯಲ್ಲಿ ಡೈರಿಗೆ ಹಾಲು ಒಯ್ಯುವ ಸೈಕಲ್‌ಗಳು, ಶಾಲೆ ಮಕ್ಕಳು, ಶನಿವಾರ ಭಾನುವಾರ ಹೆಲ್ಮೆಟ್ ಹಾಕಿದ ಸೈಕಲ್ ಗುಂಪುಗಳು ಸಿಗುತ್ತವೆ. ಈಚೆಗೆ ಹೋಂಸ್ಟೇ ಒಂದರ ಸವಾರಿ ಕುದುರೆಗಳೂ ರಸ್ತೆಗೆ ಬರುತ್ತಿವೆ. ಹಾರ್ನ್ ಮಾಡಿದರೆ ಮಕ್ಕಳು ರಸ್ತೆ ಮಧ್ಯಕ್ಕೇ ಬರುತ್ತಾರೆ, ಮಾಡದೆ ದಾಟಲು ಭಯ. ಹೋದ ತಿಂಗಳು ಕುದುರೆಯ ಹಿಂದೆ ಬಂದು ಹಾರ್ನ್ ಹೊಡೆದೆ, ಅದು ಮುಂಗಾಲು ಎತ್ತಿಬಿಟ್ಟಿತು. ಸವಾರ ಹೇಗೋ ಬೀಳದೆ ಉಳಿದ. ನಿಧಾನ ಮಾಡಿದರೆ ಹಿಂದಿನವರು ಸುಮ್ಮನಿರುವುದಿಲ್ಲ. ಎಷ್ಟು ಜಾಗ ಬಿಡಬೇಕು, ಯಾವಾಗ ದಾಟಬೇಕು, ಹಾರ್ನ್ ಮಾಡಬೇಕೋ ಬೇಡವೋ?

ಉತ್ತರ: ಹಾರ್ನ್ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ, ನಿಮ್ಮ ಅರ್ಧ ತೊಂದರೆ ಅಲ್ಲಿಂದಲೇ ಹುಟ್ಟುತ್ತಿದೆ. ಮಕ್ಕಳು ರಸ್ತೆ ಮಧ್ಯಕ್ಕೆ ಬರುವುದು ಹಾರ್ನ್ ಕೇಳಿಸದ್ದರಿಂದಲ್ಲ, ಕೇಳಿಸಿದ್ದರಿಂದ. ಹಿಂದಿನಿಂದ ಸದ್ದು ಬಂದರೆ ಯಾರಾದರೂ ತಿರುಗಿ ನೋಡುತ್ತಾರೆ. ನಮ್ಮಲ್ಲಿ ಗಾಡಿ ಬಲಗಡೆಯಿಂದ ಬರುವುದರಿಂದ ಕತ್ತು ಬಲಕ್ಕೇ ತಿರುಗುತ್ತದೆ. ಕತ್ತಿನ ಜೊತೆ ಬಲ ಭುಜ ಹಿಂದೆ ಹೋಗುತ್ತದೆ, ಭುಜದ ಜೊತೆ ಕೈ, ಕೈಯ ಜೊತೆ ಹ್ಯಾಂಡಲ್. ಹೀಗೆ ಸೈಕಲ್ ನೀವು ಬರುತ್ತಿರುವ ಕಡೆಗೇ ವಾಲುತ್ತದೆ. ಚೆನ್ನಾಗಿ ಪಳಗಿದವರು ಹ್ಯಾಂಡಲ್ ನೆಟ್ಟಗಿಟ್ಟುಕೊಂಡೇ ಹಿಂದೆ ನೋಡಬಲ್ಲರು. ಬೆನ್ನಿಗೆ ಆರೇಳು ಕೆ.ಜಿ. ಬ್ಯಾಗು ಹಾಕಿಕೊಂಡ ಎಂಟನೇ ಕ್ಲಾಸಿನ ಹುಡುಗಿಗೆ ಅದು ಆಗುವುದಿಲ್ಲ. ಅವಳ ಸೈಕಲ್ ಅರ್ಧ ಮೀಟರ್ ಸರಿದರೆ ಅದು ಅವಳ ತಪ್ಪೂ ಅಲ್ಲ.

ಆದ್ದರಿಂದ ಹಾರ್ನ್ ಮಾಡುವುದಾದರೆ ದೂರದಿಂದ ಮಾಡಿ. ನೀವು ಗಂಟೆಗೆ 40 ಕಿ.ಮೀ., ಸೈಕಲ್ 15 ಕಿ.ಮೀ. ವೇಗದಲ್ಲಿದ್ದರೆ ನಡುವಿನ ಅಂತರ ಸೆಕೆಂಡಿಗೆ ಸುಮಾರು 7 ಮೀಟರಿನಂತೆ ಕರಗುತ್ತದೆ. 10 ಮೀಟರ್ ಹಿಂದೆ ಹಾರ್ನ್ ಹೊಡೆದರೆ ಅವರಿಗೆ ಸಿಗುವುದು ಒಂದೂವರೆ ಸೆಕೆಂಡು. ಅವರು ತಿರುಗಿ ನೋಡಿ ವಾಲುವ ಹೊತ್ತಿಗೆ ಸರಿಯಾಗಿ ನೀವು ಪಕ್ಕದಲ್ಲಿರುತ್ತೀರಿ. 40 ಮೀಟರ್ ಹಿಂದೆ ಮಾಡಿದರೆ ಐದಾರು ಸೆಕೆಂಡು ಸಿಗುತ್ತದೆ. ಅಷ್ಟರಲ್ಲಿ ಅವರು ನೋಡಿ, ವಾಲಿ, ಮತ್ತೆ ನೆಟ್ಟಗಾಗಿರುತ್ತಾರೆ. ಒಂದೇ ಸಲ, ಚಿಕ್ಕದಾಗಿ ಒತ್ತಿ. ತಿರುಗಿ ನೋಡಿದರೆ ನಿಮ್ಮ ಕೆಲಸ ಆಯಿತು, ಮತ್ತೆ ಒತ್ತಬೇಡಿ. ಆ ದೂರ ದಾಟಿ ಹತ್ತಿರ ಬಂದುಬಿಟ್ಟಿದ್ದರೆ ಹಾರ್ನ್ ಮುಟ್ಟಲೇಬೇಡಿ, ಬ್ರೇಕ್ ಮುಟ್ಟಿ. ಕುದುರೆಗೂ ಎತ್ತಿನಗಾಡಿಗೂ ಹಾರ್ನ್ ಎಷ್ಟು ದೂರದಿಂದಲೂ ಬೇಡ. ಅದಕ್ಕೆ ಮುಂದೆ ಬರುತ್ತೇನೆ.

ಇನ್ನು ಜಾಗದ ಲೆಕ್ಕ. ನಮ್ಮ 2017ರ ಮೋಟಾರು ವಾಹನ ಚಾಲನಾ ನಿಯಮಗಳು ದಾಟುವಾಗ ಪಾದಚಾರಿ, ಸೈಕಲ್ ಸವಾರರಿಗೆ ಪಕ್ಕದಲ್ಲಿ ಸಾಕಷ್ಟು ಅಂತರ ಬಿಡಬೇಕು ಎನ್ನುತ್ತವೆ, ಆದರೆ ಮೀಟರಿನ ಲೆಕ್ಕ ಕೊಡುವುದಿಲ್ಲ. ಬ್ರಿಟನ್ನಿನ ಹೆದ್ದಾರಿ ಸಂಹಿತೆ 2022ರ ಜನವರಿಯಲ್ಲಿ ಲೆಕ್ಕ ಕೊಟ್ಟಿದೆ: ಗಂಟೆಗೆ ಸುಮಾರು 48 ಕಿ.ಮೀ. ವೇಗದವರೆಗೆ ಸೈಕಲ್‌ನಿಂದ ಕನಿಷ್ಠ 1.5 ಮೀಟರ್, ವೇಗ ಹೆಚ್ಚಿದರೆ ಇನ್ನೂ ಹೆಚ್ಚು. ಕುದುರೆಯಿಂದ ಕನಿಷ್ಠ 2 ಮೀಟರ್, ಅದೂ ಗಂಟೆಗೆ 16 ಕಿ.ಮೀ. ಒಳಗೆ. ಜರ್ಮನಿ 2020ರಿಂದ ಸೈಕಲ್‌ಗೆ ಊರೊಳಗೆ 1.5 ಮೀಟರ್, ಊರಾಚೆ 2 ಮೀಟರ್ ಕೇಳುತ್ತದೆ. ಅವರ ಕಾನೂನು ನಮಗೆ ಅನ್ವಯಿಸುವುದಿಲ್ಲ ನಿಜ. ಆದರೆ ಸೈಕಲ್ ವಾಲುವ ರೀತಿ, ಕುದುರೆ ಬೆಚ್ಚುವ ರೀತಿ ಎಲ್ಲ ಕಡೆಯೂ ಒಂದೇ. ನಮ್ಮ ರಸ್ತೆಯ ಅಂಚು ಅವರದಕ್ಕಿಂತ ಕೆಟ್ಟದಾಗಿರುವುದರಿಂದ ಆ ಅಳತೆಯನ್ನು ಕಡಿಮೆಯ ಮಿತಿ ಎಂದುಕೊಳ್ಳುವುದೇ ಸರಿ.

1.5 ಮೀಟರ್ ಎಷ್ಟೆಂದು ಕಣ್ಣಿಗೆ ಅಭ್ಯಾಸವಾಗಬೇಕು. ಡ್ರೈವರ್ ಸೀಟು ಬಲಗಡೆ ಇರುವುದರಿಂದ ಎಡಗಡೆಯ ಅಂತರ ಹೊಸಬರಿಗೆ ಯಾವಾಗಲೂ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಮನೆ ಅಂಗಳದಲ್ಲೋ ಕಾಫಿ ಕಣದಲ್ಲೋ ಕಾರು ನಿಲ್ಲಿಸಿ, ಎಡಗಡೆಯ ಕನ್ನಡಿಯಿಂದ ಟೇಪು ಹಿಡಿದು 1.5 ಮೀಟರಿಗೆ ಒಂದು ಕೋಲು ನೆಡಿ, 2 ಮೀಟರಿಗೆ ಇನ್ನೊಂದು. ಸೀಟಿನಲ್ಲಿ ಕೂತು ಬಾನೆಟ್ಟಿನ ಮೇಲೆ, ಎಡ ಕಿಟಕಿಯಲ್ಲಿ ಆ ಕೋಲು ಎಲ್ಲಿ ಬರುತ್ತದೆ ನೋಡಿ. ನಾಲ್ಕು ದಿನ ಹೀಗೆ ಮಾಡಿದರೆ ರಸ್ತೆಯಲ್ಲಿ ಊಹೆ ಮಾಡುವ ಅಗತ್ಯ ಇರುವುದಿಲ್ಲ. ಇನ್ನೊಂದು ಸುಲಭದ ಅಳತೆ: ಮುಂದಿನ ಎಡ ಬಾಗಿಲನ್ನು ಪೂರ್ತಿ ತೆರೆದರೆ ಅದು ಸುಮಾರು ಒಂದು ಮೀಟರ್ ಹೊರಗೆ ಚಾಚುತ್ತದೆ. ದಾಟುವಾಗ ಆ ಬಾಗಿಲು ತೆರೆದಿದ್ದರೂ ಸೈಕಲ್‌ಗೆ ತಾಗದೆ ಇನ್ನೊಂದು ಮೊಳ ಉಳಿಯುವಂತಿರಬೇಕು.

ಈಗ ಇದನ್ನು ರಸ್ತೆಯ ಮೇಲೆ ಇಟ್ಟು ನೋಡಿ. ಸೈಕಲ್‌ನ ಚಕ್ರ ಡಾಂಬರಿನ ಅಂಚಿನಿಂದ ಅರ್ಧ ಮೀಟರ್ ಒಳಗಿರುತ್ತದೆ. ಹ್ಯಾಂಡಲ್ಲಿನ ಬಲ ತುದಿ ಅಲ್ಲಿಂದ ಇನ್ನೂ 30 ಸೆಂ.ಮೀ. ಅದಕ್ಕೆ 1.5 ಮೀಟರ್ ಸೇರಿಸಿದರೆ 2.3 ಆಯಿತು. ಕನ್ನಡಿಗಳೂ ಸೇರಿ ಸಣ್ಣ ಕಾರಿನ ಅಗಲ ಸುಮಾರು 1.9 ಮೀಟರ್. ಒಟ್ಟು 4.2. ಎರಡು ಲೇನಿನ ರಸ್ತೆ 7 ಮೀಟರ್ ಅಗಲ ಇರುತ್ತದೆ. ಉಳಿಯುವುದು 2.8. ಎದುರಿನಿಂದ ಬಸ್ಸು ಬಂದರೆ ಅದಕ್ಕೆ ಸಾಲದು. ಕಾರು ಬಂದರೂ ಇಬ್ಬರ ಕನ್ನಡಿಗಳ ನಡುವೆ ಗೇಣು ಎರಡು ಗೇಣು ಮಾತ್ರ. ನಮ್ಮ ಕಡೆಯ ಎಷ್ಟೋ ರಸ್ತೆಗಳು 5.5 ಮೀಟರ್ ಅಗಲದವು. ಅಲ್ಲಿ ಉಳಿಯುವುದು 1.3, ಅದರಲ್ಲಿ ಬೈಕು ಬರುವುದೂ ಅಪಾಯ. ತೋಟಗಳ ನಡುವಿನ ಹಳ್ಳಿ ರಸ್ತೆ 3.75 ಮೀಟರ್, ಅಲ್ಲಿ ಲೆಕ್ಕವೇ ಕೂಡುವುದಿಲ್ಲ.

ಇದರಿಂದ ಹೊರಡುವ ಮಾತು ಇಷ್ಟೇ: ನಿಮ್ಮ ರಸ್ತೆಯಲ್ಲಿ ಎದುರಿನಿಂದ ಏನಾದರೂ ಬರುತ್ತಿದ್ದರೆ ಸೈಕಲ್ ದಾಟುವ ಪ್ರಶ್ನೆಯೇ ಇಲ್ಲ, ಅದು ಎಷ್ಟೇ ಸಣ್ಣ ಗಾಡಿಯಾಗಿರಲಿ. 'ಸೈಕಲ್ ತಾನೇ, ನುಸುಳಿಬಿಡಬಹುದು' ಎಂಬ ಯೋಚನೆಯೇ ಹೆಚ್ಚು ಜನರನ್ನು ಬೀಳಿಸುವುದು. ಲಾರಿಯನ್ನು ಹೇಗೆ ಎದುರಿನ ಲೇನಿಗೆ ಪೂರ್ತಿ ಹೋಗಿ ದಾಟುತ್ತೀರೋ ಹಾಗೆಯೇ ಸೈಕಲನ್ನೂ ದಾಟಬೇಕು. ಏಕಲೇನಿನ ರಸ್ತೆಯಲ್ಲಿ ಹಿಂದೆಯೇ ನಿಧಾನವಾಗಿ ಬನ್ನಿ. ತೋಟದ ಗೇಟು, ಬಸ್ ಸ್ಟಾಪು, ರಸ್ತೆ ಕೂಡುವ ಜಾಗ ಬಂದಾಗ ಅವರೇ ಪಕ್ಕಕ್ಕೆ ನಿಲ್ಲುತ್ತಾರೆ. ಕಾಲು ನೆಲಕ್ಕೆ ಊರಿದ್ದಾರೆ ಎಂದು ಕಂಡ ಮೇಲೆ ಒಂದು ಮೀಟರ್ ಬಿಟ್ಟು, 15 ಕಿ.ಮೀ. ಒಳಗಿನ ವೇಗದಲ್ಲಿ ದಾಟಿ. ಅವರನ್ನು ಮಣ್ಣಿಗೆ ಇಳಿಸುವಂತೆ ಒತ್ತಬೇಡಿ. ಒಂದು ಮಳೆಗಾಲ ಕಳೆದರೆ ಅಂಚಿನ ಮಣ್ಣು ಕೊಚ್ಚಿ ಹೋಗಿ ಡಾಂಬರಿಗೂ ನೆಲಕ್ಕೂ ಒಂದು ಗೇಣು ಮೆಟ್ಟಿಲು ಬಿದ್ದಿರುತ್ತದೆ. ಓಡುವ ಸೈಕಲ್ ಅಲ್ಲಿಂದ ಇಳಿದರೆ ಮತ್ತೆ ಹತ್ತಲು ಹೋಗಿ ಮುಂದಿನ ಚಕ್ರ ಅಂಚಿಗೆ ಉಜ್ಜಿ ಬಲಕ್ಕೇ ಬೀಳುತ್ತದೆ, ಅಂದರೆ ನಿಮ್ಮ ಚಕ್ರದ ಕಡೆಗೆ.

ಎಷ್ಟು ದೂರ ರಸ್ತೆ ಖಾಲಿ ಕಾಣಬೇಕು? ಸೈಕಲ್‌ಗಿಂತ 10 ಮೀಟರ್ ಹಿಂದೆ ಬಲಕ್ಕೆ ಸರಿದು, ದಾಟಿ, 10 ಮೀಟರ್ ಮುಂದೆ ಹೋಗಿ ಎಡಕ್ಕೆ ಬರಲು, ಮೇಲೆ ಹೇಳಿದ ವೇಗದಲ್ಲಿ, ಹೆಚ್ಚುಕಡಿಮೆ 4 ಸೆಕೆಂಡು. ಅಷ್ಟರಲ್ಲಿ ನೀವು 45 ಮೀಟರ್ ಓಡಿರುತ್ತೀರಿ. ಎದುರಿನ ಗಾಡಿ 50 ಕಿ.ಮೀ. ವೇಗದಲ್ಲಿದ್ದರೆ ಅದು 55 ಮೀಟರ್ ಬಂದಿರುತ್ತದೆ. ಇಬ್ಬರೂ ಮುಖಾಮುಖಿ ಆಗದಿರಲು ಇನ್ನೊಂದು 50 ಸೇರಿಸಿ, 150 ಮೀಟರ್ ಆಯಿತು. ರಸ್ತೆ ಪಕ್ಕದ ಕರೆಂಟು ಕಂಬಗಳ ನಡುವೆ ಸಾಮಾನ್ಯವಾಗಿ 40ರಿಂದ 60 ಮೀಟರ್ ಇರುತ್ತದೆ. ಮುಂದೆ ನಾಲ್ಕು ಕಂಬದವರೆಗೆ ರಸ್ತೆ ನೆಟ್ಟಗೆ, ಖಾಲಿಯಾಗಿ ಕಂಡರೆ ದಾಟಿ. ತಿರುವಿನ ಆಚೆ ಕಾಣದಿದ್ದರೆ, ಏರಿನ ತುದಿಯಾಚೆ ಕಾಣದಿದ್ದರೆ ಬೇಡ. ಮೋರಿ ಮೇಲೆ ಬೇಡ; ಅಲ್ಲಿ ರಸ್ತೆ ಕಿರಿದಾಗುವುದರಿಂದ ಸೈಕಲ್ ತಾನಾಗಿ ಒಳಕ್ಕೆ ಬರುತ್ತದೆ.

ದಾಟುವ ಕ್ರಮ ಹೀಗೆ. ಸೈಕಲ್ ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಮೂರು ಸೆಕೆಂಡಿನ ಅಂತರ ಇಟ್ಟುಕೊಂಡು ಹಿಂದೆ ಬನ್ನಿ, ತೀರಾ ಹತ್ತಿರ ಅಂಟಿಕೊಂಡರೆ ಮುಂದಿನ ರಸ್ತೆಯೂ ಕಾಣುವುದಿಲ್ಲ. ಜಾಗ ಕಂಡಾಗ ಮೊದಲು ಒಳಗಿನ ಕನ್ನಡಿ, ಆಮೇಲೆ ಬಲಗನ್ನಡಿ ನೋಡಿ, ಯಾಕೆಂದರೆ ಹಿಂದಿನ ಜೀಪಿನವನು ನಿಮ್ಮನ್ನೂ ಸೈಕಲನ್ನೂ ಒಟ್ಟಿಗೆ ದಾಟಲು ಹೊರಟಿರಬಹುದು. ಬಲ ಇಂಡಿಕೇಟರ್ ಹಾಕಿ, ಒಂದು ಗೇರ್ ಇಳಿಸಿ. ಏರಿನಲ್ಲಿ ನಾಲ್ಕನೇ ಗೇರಿನಲ್ಲೇ ದಾಟಲು ಹೋಗಿ ಗಾಡಿ ಎಳೆಯದೆ ಸೈಕಲ್ ಪಕ್ಕದಲ್ಲೇ ಸಿಕ್ಕಿಕೊಳ್ಳುವುದು ಹೊಸಬರು ಪದೇ ಪದೇ ಮಾಡುವ ತಪ್ಪು. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಂಜಿನ್ ಎಳೆಯುವ ಸ್ಥಿತಿಯಲ್ಲಿದ್ದಾಗಲೇ ಹೊರಡಿ. ಬಲಕ್ಕೆ ಬೇಗ ಸರಿಯಿರಿ, ಸೈಕಲ್ ಪಕ್ಕಕ್ಕೆ ಬರುವ ಮೊದಲೇ ಪೂರ್ತಿ ಸರಿದಿರಬೇಕು. ಓರೆಯಾಗಿ ಹೋಗಿ ಓರೆಯಾಗಿ ವಾಪಸ್ ಬಂದರೆ ಸೈಕಲ್ ಪಕ್ಕದಲ್ಲಿರುವಾಗ ನಿಮಗೆ ಸಿಗಬೇಕಾದ ಅಗಲವೇ ಸಿಗುವುದಿಲ್ಲ. ವಾಪಸ್ ಎಡಕ್ಕೆ ಬರಬೇಕಾದದ್ದು ಸವಾರನ ತಲೆಯಿಂದ ಚಕ್ರದವರೆಗೆ ಒಳಗಿನ ಕನ್ನಡಿಯಲ್ಲಿ ಪೂರ್ತಿ ಕಂಡ ಮೇಲೆ. ಎಡಗಡೆಯ ಉಬ್ಬುಗನ್ನಡಿಯನ್ನು ಇದಕ್ಕೆ ನಂಬಬೇಡಿ, ಅದು ವಸ್ತುಗಳನ್ನು ಇರುವುದಕ್ಕಿಂತ ದೂರ ತೋರಿಸುತ್ತದೆ.

ದಾಟಿದ ಕೂಡಲೇ ಎಡಕ್ಕೆ ತಿರುಗುವುದು, ಪೆಟ್ರೋಲ್ ಬಂಕಿಗೋ ಅಂಗಡಿ ಮುಂದಕ್ಕೋ ಹೋಗುವುದು ಬಹಳ ಕೆಟ್ಟ ಅಭ್ಯಾಸ. ನಿಮಗೆ 50 ಮೀಟರ್ ಮುಂದೆ ಎಡಕ್ಕೆ ಹೋಗಬೇಕಾಗಿದ್ದರೆ ದಾಟಲೇಬೇಡಿ. ಸೈಕಲ್ ಹೋಗಲಿ, ಅದರ ಹಿಂದೆ ತಿರುಗಿ. ಪೇಟೆಯೊಳಗೆ ಸೈಕಲ್ ಸವಾರರು ಪೆಟ್ಟು ತಿನ್ನುವುದಕ್ಕೆ ಇದೂ, ನಿಂತ ಕಾರಿನ ಬಾಗಿಲು ತಟ್ಟನೆ ತೆರೆಯುವುದೂ ಕಾರಣಗಳು. ಬಾಗಿಲನ್ನು ಎಡಗೈಯಿಂದ ತೆರೆಯುವ ರೂಢಿ ಮಾಡಿಕೊಳ್ಳಿ. ಬಲ ಬಾಗಿಲಿಗೆ ಎಡಗೈ ಚಾಚಿದರೆ ಮೈ ತಾನಾಗಿ ಹಿಂದಕ್ಕೆ ತಿರುಗುತ್ತದೆ, ಬರುವವರು ಕಾಣುತ್ತಾರೆ.

ಎಲ್ಲ ಸೈಕಲ್ಲೂ ಒಂದೇ ಅಲ್ಲ. ಹಾಲಿನ ಸೈಕಲ್‌ನಲ್ಲಿ ಕ್ಯಾನು ಹ್ಯಾಂಡಲ್ಲಿಗೋ ಹಿಂದಿನ ಕ್ಯಾರಿಯರಿನ ಒಂದು ಬದಿಗೋ ತೂಗುತ್ತಿರುತ್ತದೆ. 10 ಲೀಟರ್ ಹಾಲು ಎಂದರೆ 10 ಕೆ.ಜಿ.ಗಿಂತ ಹೆಚ್ಚು, ಒಳಗೆ ಅಲ್ಲಾಡುವ ತೂಕ. ಏರಿನಲ್ಲಿ ಪೆಡಲ್ ಒತ್ತಿದ ಹಾಗೆಲ್ಲ ಸೈಕಲ್ ಎಡಕ್ಕೆ ಬಲಕ್ಕೆ ಹಾವಿನಂತೆ ಹೊರಳುತ್ತದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಹೊತ್ತಿನಲ್ಲಿ ಡೈರಿಗೆ ತಿರುಗುವ ಜಾಗ ಎಲ್ಲೆಂದು ತಿಳಿದುಕೊಳ್ಳಿ, ಅಲ್ಲಿ ಅವರು ಕೈ ತೋರಿಸದೆ ಬಲಕ್ಕೆ ಹೊರಳಬಹುದು. ಕ್ಯಾನು ಹಿಡಿದವರು ಒಂದು ಕೈ ಬಿಡಲಾರರು. ಶಾಲೆ ಮಕ್ಕಳದು ಗೇರಿಲ್ಲದ ಭಾರದ ಸೈಕಲ್. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್‌ಗಳು ಈಗಲೂ ತಮ್ಮ ತಂಗಿಯರ ಕೈಯಲ್ಲಿ ಓಡುತ್ತಿವೆ, ಎಷ್ಟಕ್ಕೋ ಹಿಂದಿನ ಬ್ರೇಕು ಸರಿಯಿಲ್ಲ. ಇಬ್ಬರು ಮಕ್ಕಳು ಮಾತಾಡುತ್ತಾ ಜೋಡಿಯಾಗಿ ಹೋಗುತ್ತಿದ್ದರೆ ಹೊರಗಿನ ಮಗು ಕೊನೆ ಗಳಿಗೆಯಲ್ಲಿ ಯಾವ ಕಡೆಗಾದರೂ ಹೋದೀತು ಎಂದೇ ಎಣಿಸಿ. ರಸ್ತೆಯ ಎರಡೂ ಬದಿ ಮಕ್ಕಳಿದ್ದರೆ ಒಬ್ಬರು ಇನ್ನೊಬ್ಬರ ಕಡೆ ದಾಟುವುದು ಹೆಚ್ಚುಕಡಿಮೆ ಖಚಿತ. ಅಲ್ಲಿ 20 ಕಿ.ಮೀ.ಗಿಂತ ಹೆಚ್ಚು ವೇಗ ಬೇಡವೇ ಬೇಡ.

ಶನಿವಾರದ ಹೆಲ್ಮೆಟ್ ಗುಂಪಿನ ವಿಷಯದಲ್ಲಿ ತುಂಬ ಜನರಿಗೆ ಸಿಟ್ಟು, 'ಜೋಡಿ ಜೋಡಿಯಾಗಿ ರಸ್ತೆ ತುಂಬ ಹೋಗುತ್ತಾರೆ' ಎಂದು. ಲೆಕ್ಕ ಹಾಕಿ. ಹತ್ತು ಸೈಕಲ್ ಒಂದರ ಹಿಂದೆ ಒಂದು ಹೋದರೆ ಸಾಲು 40 ಮೀಟರ್ ಉದ್ದ. ನೀವು 40, ಅವರು 20 ಕಿ.ಮೀ. ವೇಗದಲ್ಲಿದ್ದರೆ ದಾಟಲು ಹನ್ನೊಂದೂವರೆ ಸೆಕೆಂಡು, ಸುಮಾರು 130 ಮೀಟರ್ ಎದುರು ಲೇನಿನಲ್ಲಿ ಓಡಬೇಕು. ಅವರೇ ಜೋಡಿಯಾಗಿದ್ದರೆ ಸಾಲು 20 ಮೀಟರ್. 8 ಸೆಕೆಂಡು, ಸುಮಾರು 90 ಮೀಟರ್ ಸಾಕು. ಹೇಗಿದ್ದರೂ ಎದುರು ಲೇನಿಗೆ ಪೂರ್ತಿ ಹೋಗಲೇಬೇಕಾದ್ದರಿಂದ ಜೋಡಿ ಸಾಲು ನಿಮಗೇ ಅನುಕೂಲ. ಗುಂಪನ್ನು ಒಂದೇ ಉದ್ದದ ಗಾಡಿ ಎಂದು ತಿಳಿದು ಪೂರ್ತಿ ದಾಟಿ, ಇಲ್ಲವೇ ಹಿಂದೆ ಉಳಿಯಿರಿ. ಅರ್ಧ ದಾಟಿ ಎದುರು ಬಸ್ಸು ಕಂಡು ಗುಂಪಿನ ನಡುವೆ ತೂರುವುದು ಜೀವ ತೆಗೆಯುವ ಕೆಲಸ.

ಇಳಿಜಾರಿನಲ್ಲಿ ಈ ಸೈಕಲ್‌ಗಳನ್ನು ದಾಟಬೇಡಿ. ಮುಳ್ಳಯ್ಯನಗಿರಿಯಿಂದಲೋ ಬಾಬಾಬುಡನ್‌ಗಿರಿಯಿಂದಲೋ ಇಳಿಯುವ ಸೈಕಲ್ 45 ಕಿ.ಮೀ. ವೇಗ ಮುಟ್ಟುತ್ತದೆ. 60ರಲ್ಲಿ ಹೋಗಿ ದಾಟುತ್ತೇನೆಂದರೂ ಆರು ಸೆಕೆಂಡಿಗಿಂತ ಹೆಚ್ಚು ಬೇಕು, ನೂರು ಮೀಟರಿಗೂ ಹೆಚ್ಚು ನೇರ ರಸ್ತೆ ಬೇಕು. ಆ ಘಾಟಿಯಲ್ಲಿ ಅಷ್ಟು ಉದ್ದದ ನೇರ ರಸ್ತೆ ಸಿಕ್ಕರೂ ಕೊನೆಯಲ್ಲಿ ತಿರುವು ಕಾದಿರುತ್ತದೆ. ತಿರುವಿಗೆ ನಿಮಗಿಂತ ಹೆಚ್ಚು ಜಾಗ ಸೈಕಲ್‌ಗೆ ಬೇಕು, ಅದು ವಾಲಿಕೊಂಡೇ ತಿರುಗಬೇಕು. ಸಿಲ್ವರ್ ಓಕ್ ಎಲೆ ಒದ್ದೆಯಾಗಿ ಬಿದ್ದಿದ್ದರೆ, ತೋಟದ ಟ್ರ್ಯಾಕ್ಟರ್ ಕೆಸರು ತಂದು ಹಾಕಿದ್ದರೆ ಜಾರುತ್ತದೆ. ಏರುವ ಸೈಕಲ್‌ಗೆ ಬೇರೆ ತೊಂದರೆ. 7–8 ಕಿ.ಮೀ. ವೇಗದಲ್ಲಿ ಬ್ಯಾಲೆನ್ಸ್ ಕಷ್ಟ, ಅದಕ್ಕೆ ಅಗಲ ಹೆಚ್ಚು ಬೇಕು. ನೀವು ಇಳಿಯುತ್ತಿದ್ದು, ಕಿರಿದಾದ ಜಾಗದಲ್ಲಿ ಎದುರಿನಿಂದ ಸೈಕಲ್ ಏರುತ್ತಿದ್ದರೆ ನೀವೇ ನಿಲ್ಲಿ. ಏರುವ ಗಾಡಿಗೆ ಮೊದಲ ಹಕ್ಕು ಎಂಬ ಘಾಟಿಯ ನಿಯಮವನ್ನು ಸೈಕಲ್‌ಗೂ ಪಾಲಿಸಿ, ಏರಿನ ಮಧ್ಯೆ ಕಾಲೂರಿದವರು ಮತ್ತೆ ಹೊರಡುವುದು ಬಹಳ ಕಷ್ಟ.

ನಿಮ್ಮ ದಾರಿಯಲ್ಲಿ ಬೆಳಿಗ್ಗೆ ಸೂರ್ಯ ಎದುರಿಗೆ, ಸಂಜೆ ವಾಪಸ್ ಬರುವಾಗಲೂ ಎದುರಿಗೆ. ಮರಗಳ ನೆರಳಿನೊಳಗೆ ನುಗ್ಗಿದ ಕ್ಷಣ ಕಣ್ಣಿಗೆ ಏನೂ ಕಾಣುವುದಿಲ್ಲ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬಿಸಿಲು ಓರೆಯಾಗಿ ಬೀಳುವಾಗ ಇದು ಹೆಚ್ಚು. ಗಾಜನ್ನು ಒಳಗಿನಿಂದಲೂ ಒರೆಸಿ, ಒಳಗಿನ ಜಿಡ್ಡೇ ಬಿಸಿಲಿಗೆ ಬೆಳ್ಳಗೆ ಹೊಳೆಯುವುದು. ಮಳೆಯಲ್ಲಿ ಲೆಕ್ಕ ಬದಲಾಗುತ್ತದೆ: ಒದ್ದೆ ರಸ್ತೆಯಲ್ಲಿ 60ರ ವೇಗದಲ್ಲಿ ಬ್ರೇಕ್ ಒತ್ತಿ ನಿಲ್ಲಲು, ಯೋಚಿಸುವ ಒಂದೂವರೆ ಸೆಕೆಂಡೂ ಸೇರಿ, 60 ಮೀಟರ್ ಬೇಕು, 40ರಲ್ಲಿ 32 ಸಾಕು. ಡಿಮ್ ಲೈಟಿನಲ್ಲಿ ಕಾಣುವುದು 40–50 ಮೀಟರ್. ಲೈಟಿಲ್ಲದ ಸೈಕಲ್ ಕಂಡು ನಿಲ್ಲಬೇಕಾದರೆ ರಾತ್ರಿ ಮಳೆಯಲ್ಲಿ 40 ದಾಟಬಾರದು ಎಂಬುದು ಈ ಎರಡು ಸಂಖ್ಯೆಗಳಲ್ಲೇ ಇದೆ. ಮಂಜಿನಲ್ಲಿ ದಾಟುವುದೇ ಬೇಡ. ಕೊಟ್ಟಿಗೆಹಾರ, ಚಾರ್ಮಾಡಿ ಕಡೆ ಮಂಜು ಬಂದರೆ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸುವುದು ರೂಢಿಯಾಗಿದೆ. ಅದು ತಪ್ಪು: ನಾಲ್ಕೂ ಮಿನುಗುವಾಗ ನೀವು ಬಲಕ್ಕೆ ಸರಿಯುತ್ತಿದ್ದೀರಿ ಎಂದು ಹಿಂದಿನವರಿಗೆ ತಿಳಿಯುವುದಿಲ್ಲ. ಡಿಮ್ ಲೈಟು, ಫಾಗ್ ಲೈಟು ಸಾಕು. ಶಿವರಾತ್ರಿ ಮುಂಚೆ ಅದೇ ಘಾಟಿಯಲ್ಲಿ ಧರ್ಮಸ್ಥಳಕ್ಕೆ ನಡೆದು ಹೋಗುವವರ ಸಾಲು ಇರುತ್ತದೆ. ಅವರಿಗೂ ಸೈಕಲ್‌ನಷ್ಟೇ ಜಾಗ ಬಿಡಿ.

ಎತ್ತಿನಗಾಡಿಯನ್ನು ನೀವು ಕೇಳಲಿಲ್ಲ, ಆದರೂ ಅದನ್ನು ಹೇಳದೆ ಕುದುರೆಗೆ ಹೋಗಲಾಗದು. ಎರಡೆತ್ತು ಒಂದೇ ನೊಗದಲ್ಲಿರುವುದರಿಂದ ಒಂದು ಬೆದರಿದರೆ ಎರಡೂ ಹೊರಳುತ್ತವೆ, ಮೂಕಿಯ ಜೊತೆ ಗಾಡಿಯೂ. ಹುಲ್ಲು ಹೇರಿದ ಗಾಡಿ ನೋಡುವುದಕ್ಕಿಂತ ಅಗಲ, ಗಾಡಿ ಹೊಡೆಯುವವರಿಗೆ ಹಿಂದೆ ಕಾಣುವುದೂ ಇಲ್ಲ, ಸರಿಯಾಗಿ ಕೇಳುವುದೂ ಇಲ್ಲ. ಇಳಿಜಾರಿನಲ್ಲಿ ಭಾರವನ್ನು ಎತ್ತುಗಳೇ ಕತ್ತಿನಿಂದ ತಡೆದು ನಿಲ್ಲಿಸಬೇಕು. ಟೈರ್ ಗಾಡಿ ಇನ್ನೂ ಜೋರಾಗಿ ನೂಕುತ್ತದೆ. ಹೀಗಾಗಿ ದಾಟಿ ಅದರ ಮುಂದೆ ಬ್ರೇಕ್ ಹಾಕಬೇಡಿ, ಅವು ನಿಲ್ಲಲಾರವು. ಬಿಡಾಡಿ ದನವನ್ನು ಬಾಲದ ಹಿಂದಿನಿಂದ ದಾಟಿ, ಅದು ಹೆಜ್ಜೆ ಇಡುವುದು ಮುಂದಕ್ಕೆ. ಹಸು ಒಂದು ಬದಿ, ಕರು ಇನ್ನೊಂದು ಬದಿ ಇದ್ದರೆ ನಿಂತೇಬಿಡಿ.

ಈಗ ಕುದುರೆ. ನಿಮ್ಮ ಮನಸ್ಸಿನಲ್ಲಿ ಹೆಚ್ಚು ಕೊರೆಯುತ್ತಿರುವುದು ಅದೇ ಎಂದು ಪತ್ರದಿಂದಲೇ ತಿಳಿಯುತ್ತದೆ. ಕುದುರೆ ಬೇಟೆಗೆ ಸಿಗುವ ಪ್ರಾಣಿ. ಅನುಮಾನ ಬಂದರೆ ಮೊದಲು ಓಡುತ್ತದೆ, ಆಮೇಲೆ ನೋಡುತ್ತದೆ. ಅದರ ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ. ಕಾಣದಿರುವುದು ಎರಡೇ ಕಡೆ: ಹಣೆಯ ಎದುರಿನ ಒಂದಿಷ್ಟು ಜಾಗ, ಮತ್ತು ಬಾಲದ ನೇರ ಹಿಂದೆ. ನೀವು ಇದ್ದದ್ದು ಆ ಬಾಲದ ಹಿಂದೆ. ಅಲ್ಲಿಂದ ಹಠಾತ್ತನೆ ದೊಡ್ಡ ಸದ್ದು ಬಂದರೆ ಅದಕ್ಕೆ ಹುಲಿ ಎರಗಿದ ಹಾಗೆ. ಆಗ ಅದು ಮುಂದಕ್ಕೆ ಓಡಬಹುದು, ಹಿಂಗಾಲು ಝಾಡಿಸಬಹುದು, ಪಕ್ಕಕ್ಕೆ ಒಂದೇ ನೆಗೆತಕ್ಕೆ ಎರಡು ಮೀಟರ್ ಸರಿಯಬಹುದು, ನಿಮ್ಮದರಂತೆ ಮುಂಗಾಲು ಎತ್ತಬಹುದು. 300ರಿಂದ 500 ಕೆ.ಜಿ. ತೂಕದ, ಎತ್ತರದ ಕಾಲಿನ ಪ್ರಾಣಿ. ಕಾರು ಅದರ ಕಾಲಿಗೆ ತಾಗಿದರೆ ಮೈ ಬಾನೆಟ್ ಏರಿ ಮುಂದಿನ ಗಾಜಿನ ಮೇಲೆ ಬರುತ್ತದೆ. ಸವಾರನಿಗಷ್ಟೇ ಅಲ್ಲ, ಕಾರಿನಲ್ಲಿದ್ದವರಿಗೂ ಪ್ರಾಣಾಪಾಯ.

ಕುದುರೆ ಕಂಡ ಕೂಡಲೇ 15 ಕಿ.ಮೀ.ಗೆ ಇಳಿಯಿರಿ. ಮೂರು ಕಾರಿನಷ್ಟು ದೂರ, ಅಂದರೆ 12 ಮೀಟರ್, ಹಿಂದೆ ಉಳಿಯಿರಿ. ಬಾಲದ ನೇರಕ್ಕೆ ಅಲ್ಲ, ಸ್ವಲ್ಪ ಬಲಕ್ಕೆ ಸರಿದು. ಆಗ ಅದರ ಬಲಗಣ್ಣಿಗೂ ನೀವು ಕಾಣುತ್ತೀರಿ, ಸವಾರರು ತಿರುಗಿದರೆ ಅವರಿಗೂ. ಹಾಡು ಜೋರಾಗಿದ್ದರೆ ಆರಿಸಿ. ಏರಿನಲ್ಲಿ ನಿಲ್ಲಬೇಕಾದರೆ ಹಾಫ್ ಕ್ಲಚ್ಚಿನಲ್ಲಿ ಇಂಜಿನ್ ಗುರ್ ಎನ್ನಿಸುತ್ತಾ ತಡೆಯಬೇಡಿ, ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿ. ಎಲೆಕ್ಟ್ರಿಕ್ ಕಾರಿನವರಿಗೆ ತೊಂದರೆ ಉಲ್ಟಾ: ಸದ್ದೇ ಇಲ್ಲದೆ ಪಕ್ಕಕ್ಕೆ ಬಂದು ಬೆಚ್ಚಿಸಿಬಿಡುತ್ತಾರೆ. ಕಿಟಕಿ ಇಳಿಸಿ, ಸಾಮಾನ್ಯ ದನಿಯಲ್ಲಿ 'ಸರ್, ಹೋಗ್ಲಾ?' ಎಂದು ಕೇಳುವುದು ಒಳ್ಳೆಯದು. ಮನುಷ್ಯರ ದನಿ ಕುದುರೆಗೆ ಪರಿಚಯದ್ದು.

ಸವಾರರ ಕೈ ನೋಡಿ. ಬಲಗೈ ಪಕ್ಕಕ್ಕೆ ಚಾಚಿ ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ನಿಧಾನ ಎಂದು, ಅಂಗೈ ತೋರಿಸಿದರೆ ನಿಲ್ಲಿ ಎಂದು. ಪ್ರವಾಸಿಗರು ಹತ್ತಿದ್ದರೆ ಅವರಿಗೆ ಲಗಾಮು ಬಿಡಲು ಬರುವುದಿಲ್ಲ, ಕೈ ತೋರಿಸದಿದ್ದರೂ ಕುದುರೆಯನ್ನೇ ಓದಿಕೊಳ್ಳಿ. ಎರಡೂ ಕಿವಿ ಸೆಟೆದು ಒಂದೇ ಕಡೆ ನೆಟ್ಟಿವೆ, ತಲೆ ಮೇಲೆದ್ದಿದೆ, ಓರೆ ಹೆಜ್ಜೆ ಇಡುತ್ತಿದೆ ಎಂದರೆ ಅದು ಏನನ್ನೋ ಕಂಡು ಹೆದರಿದೆ. ಬೇಲಿಯಲ್ಲಿ ಸಿಕ್ಕ ಪ್ಲಾಸ್ಟಿಕ್ ಕವರ್ ಇರಬಹುದು, ಮೋರಿಯ ನೀರಿನ ಸದ್ದು ಇರಬಹುದು. ಎಡಗಡೆ ಹೆದರಿಸುವ ವಸ್ತು ಇದ್ದರೆ ಅದು ಹಾರುವುದು ಬಲಕ್ಕೆ, ನಿಮ್ಮ ಕಡೆಗೆ. ಎರಡು ಮೀಟರ್ ಕೇಳುವುದು ಇದಕ್ಕೇ. ಕಿವಿ ಹಿಂದಕ್ಕೆ ಅಂಟಿದ್ದರೆ ಸಿಟ್ಟಿನಲ್ಲಿದೆ, ಹಿಂಗಾಲಿನ ಹತ್ತಿರ ಹೋಗಬೇಡಿ. ಕಿವಿಗಳು ಸಡಿಲವಾಗಿ ಅತ್ತ ಇತ್ತ ಆಡುತ್ತಿದ್ದು, ತಲೆ ತಗ್ಗಿದ್ದರೆ ದಾಟಬಹುದು.

5.5 ಮೀಟರ್ ರಸ್ತೆಯಲ್ಲಿ ಕುದುರೆ, ಎರಡು ಮೀಟರ್, ನಿಮ್ಮ ಕಾರು ಸೇರಿದರೆ ಐದು ಮೀಟರ್ ದಾಟುತ್ತದೆ. ಅಂದರೆ ಎದುರು ಬದಿಯ ಅಂಚಿನವರೆಗೂ ನೀವು ಹೋಗಬೇಕು, ಪೂರ್ತಿ ಖಾಲಿ ಇದ್ದರೆ ಮಾತ್ರ. ಕಿರಿದಾದ ರಸ್ತೆಯಲ್ಲಿ ಅವರು ಗೇಟಿನೊಳಗೆ ಹೋಗುವವರೆಗೆ ಕಾಯುವುದು ಬಿಟ್ಟು ದಾರಿಯಿಲ್ಲ. ಮೊದಲ ಅಥವಾ ಎರಡನೇ ಗೇರಿನಲ್ಲಿ, ಒಂದೇ ವೇಗದಲ್ಲಿ ದಾಟಿ. ದಾಟಿದ ಮೇಲೆ ಝರ್ ಎಂದು ಎಕ್ಸಲರೇಟರ್ ಒತ್ತುವುದು ಬಹಳ ಜನ ಮಾಡುವ ತಪ್ಪು, ಕುದುರೆ ಆಗಲೇ ಬೆಚ್ಚುವುದು. 30–40 ಮೀಟರ್ ಮುಂದೆ ಹೋಗುವವರೆಗೂ ಅದೇ ನಿಧಾನದಲ್ಲಿರಿ. ಎದುರಿನಿಂದ ಬರುವ ಕುದುರೆಗೂ ಇದೇ ಕ್ರಮ. ಬಸ್ಸು ಲಾರಿಯವರು ಕುದುರೆ ಪಕ್ಕದಲ್ಲಿ ಏರ್ ಬ್ರೇಕ್ ಬಿಡಬಾರದು, ಆ ಬುಸ್ ಸದ್ದು ಹಾರ್ನ್‌ಗಿಂತ ಕೆಟ್ಟದ್ದು. ಹಾರಾಡುವ ಟಾರ್ಪಾಲು, ಖಾಲಿ ಟ್ರೇಲರಿನ ಗಡಗಡ, ಸೈಲೆನ್ಸರ್ ಬಿಚ್ಚಿದ ಬೈಕು ಎಲ್ಲವೂ ಅದೇ ಜಾತಿ.

ಕಾನೂನಿನಲ್ಲೂ ಇದಕ್ಕೆ ಆಧಾರ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 132ರ ಪ್ರಕಾರ, ಪ್ರಾಣಿಯನ್ನು ನಡೆಸಿಕೊಂಡು ಹೋಗುವವರು ಅದು ಗಾಡಿಗೆ ಬೆದರಿ ಕೈಮೀರೀತೆಂದು ಕಂಡು ನಿಲ್ಲಿಸಿ ಎಂದರೆ ಚಾಲಕರು ನಿಲ್ಲಿಸಲೇಬೇಕು. ಕುದುರೆಗೂ ಎತ್ತಿಗೂ ಒಂದೇ. ನಿಯಮ ಮೀರಿ ಓವರ್‌ಟೇಕ್ ಮಾಡುವುದನ್ನು 2019ರ ತಿದ್ದುಪಡಿ ಸೆಕ್ಷನ್ 184ರ ಅಪಾಯಕಾರಿ ಚಾಲನೆಯಲ್ಲಿ ಸೇರಿಸಿದೆ. ಮೊದಲ ಸಲಕ್ಕೆ ಸಾವಿರದಿಂದ ಐದು ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷ ಸೆರೆ, ಅಥವಾ ಎರಡೂ.

ಹಿಂದಿನವರ ಹಾರ್ನ್ ಬಗ್ಗೆ. 12 ಕಿ.ಮೀ. ವೇಗದ ಸೈಕಲ್ ಹಿಂದೆ 300 ಮೀಟರ್ ಕಾದರೆ ನಿಮಗೆ 90 ಸೆಕೆಂಡು ಹಿಡಿಯುತ್ತದೆ, 40ರಲ್ಲಿ ಹೋಗಿದ್ದರೆ 27. ಕಳೆದುಕೊಂಡದ್ದು ಒಂದು ನಿಮಿಷ ಮೂರು ಸೆಕೆಂಡು. ಅಷ್ಟಕ್ಕೆ ಹೆದರಬೇಡಿ. ನಿಧಾನ ಮಾಡುವ ಮೊದಲೇ ಬ್ರೇಕ್ ಪೆಡಲನ್ನು ಎರಡು ಸಲ ಮೆಲ್ಲಗೆ ಮುಟ್ಟಿದರೆ ಹಿಂದಿನ ಕೆಂಪು ದೀಪ ಮಿನುಗಿ ಅವರಿಗೆ ತಿಳಿಯುತ್ತದೆ. ತೀರಾ ಎಡಕ್ಕೆ ಸರಿದು ಅವರಿಗೆ ದಾರಿ ಕೊಡಬೇಡಿ, ನಿಮ್ಮ ಮುಂದಿನ ಸೈಕಲ್ ಅವರಿಗೆ ಕಾಣುವುದಿಲ್ಲ, ಅವರು ನಿಮ್ಮನ್ನು ದಾಟಿ ಅದರ ಮೇಲೆಯೇ ಹೋಗುತ್ತಾರೆ. ಕೈ ಬೀಸಿ 'ಹೋಗಿ' ಎನ್ನಬೇಡಿ, ಮುಂದಿನ ರಸ್ತೆಯ ಹೊಣೆ ನಿಮ್ಮ ಕೈಗೆ ಬರುತ್ತದೆ. ನಿಮ್ಮ ಹಿಂದೆ ಸಾಲು ಬೆಳೆದರೆ ಸುರಕ್ಷಿತ ಜಾಗದಲ್ಲಿ ನೀವೇ ಪಕ್ಕಕ್ಕೆ ನಿಂತು ಬಿಟ್ಟುಕೊಡಬಹುದು, ಆದರೆ ಮುಂದೆ ಕುದುರೆ ಇದ್ದಾಗ ಅಲ್ಲ. ಆಗ ನಿಮ್ಮ ಕಾರೇ ಅದಕ್ಕೆ ಹಿಂದಿನ ತಡೆ.

ಇನ್ನೊಂದು ಕೆಲಸ ಮಾಡಿ. ಆ ಹೋಂಸ್ಟೇಗೆ ಒಮ್ಮೆ ಹೋಗಿ, ಕುದುರೆ ನೋಡಿಕೊಳ್ಳುವವರನ್ನು ಕಂಡು ಹೋದ ತಿಂಗಳು ಹಾರ್ನ್ ಹೊಡೆದವರು ನೀವೇ ಎಂದು ಹೇಳಿ. ಯಾವ ಹೊತ್ತಿಗೆ ರಸ್ತೆಗೆ ಬರುತ್ತಾರೆ, ಯಾವ ಗೇಟಿನಿಂದ ಯಾವ ಗೇಟಿನವರೆಗೆ, ಯಾವ ಕುದುರೆ ಹೊಸದು ಎಂದು ಕೇಳಿ. ಸವಾರರಿಗೆ ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿಸಲು, ಹೊಸಬರು ಹತ್ತಿದ ಕುದುರೆಯನ್ನು ಒಳಬದಿಗೆ, ಅನುಭವಿಯನ್ನು ರಸ್ತೆಯ ಬದಿಗೆ ಇಡಲು ಹೇಳಿ. ಒಪ್ಪಿದರೆ ನಿಮ್ಮ ಕಾರನ್ನು ಅವರ ಅಂಗಳದಲ್ಲಿ ಇಂಜಿನ್ ಆನ್ ಮಾಡಿ ನಿಲ್ಲಿಸಿ, ಆ ಕುದುರೆಯನ್ನು ಅವರೇ ಹಿಡಿದು ದೂರದಿಂದ ಹತ್ತಿರಕ್ಕೆ ನಡೆಸಿಕೊಂಡು ಬರಲಿ, ಮೂಸಿ ನೋಡಲು ಬಿಡಲಿ. ನಾಲ್ಕೈದು ಸಲ ಹಾಗೆ ಮಾಡಿದರೆ ಮುಂದಿನ ಸಲ ರಸ್ತೆಯಲ್ಲಿ ಆ ಸದ್ದು ಅದಕ್ಕೆ ಅಷ್ಟು ಹೊಸದಾಗಿರುವುದಿಲ್ಲ.